ಲೋಟದಲ್ಲಿ ಕಾಮಕಸ್ತೂರಿ

ಬೇಸಿಗೆ ಬಂತೆಂದರೆ ಶರಬತ್ತಿನಂಗಡಿಯವರು ಕಾಮಕಸ್ತೂರಿ ಬೀಜವನ್ನು ಮುಂಚೆಯೇ ನೆನೆಸಿ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ವ್ಯಾಪಾರಕ್ಕೆ ಅದು ಸರಿ. ಆದರೆ ನೋಡಬೇಕಾದ್ದೇ ಅಲ್ಲಿ ತಪ್ಪಿಹೋಗುತ್ತದೆ. ಒಣಬೀಜವನ್ನು ಗಾಜಿನ ಲೋಟದ ನೀರಿಗೆ ಉದುರಿಸಿ, ಬೆಳಕಿಗೆ ಹಿಡಿಯಿರಿ. ಸುಮ್ಮನಿದ್ದ ಕರಿಚುಕ್ಕಿಯ ಸುತ್ತ ನಸುನೀಲಿ ಬೆರೆತ ಬೂದು ಪೊರೆ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ ಲೋಟದ ತುಂಬ ಕಪ್ಪೆಮೊಟ್ಟೆ!

ಬೀಜದ ಹೊರಪದರದ ಕೋಶಗಳಲ್ಲಿ ಲೋಳೆ ಒಣಗಿ ಮುದುರಿ ಕೂತಿರುತ್ತದೆ. ನೀರು ಸೋಕಿದ್ದೇ ತಡ, ಉಬ್ಬಿ ಕೋಶದ ಗೋಡೆ ಒಡೆದು ಹೊರಬರುತ್ತದೆ. ಅದರೊಳಗಿನ ಸೆಲ್ಯುಲೋಸ್ ಎಳೆಗಳು ಬೀಜವನ್ನು ಕಚ್ಚಿಕೊಂಡಿರುವುದರಿಂದ ಲೋಳೆ ನೀರುಪಾಲಾಗದೆ ಸುತ್ತಲೇ ನಿಲ್ಲುತ್ತದೆ. ನಾಲಿಗೆಯ ಮೇಲೆ ಜಾರಿ, ಆಮೇಲೆ ಹಲ್ಲಿಗೆ ಸಿಕ್ಕಿ ಕಟುಂ ಎನ್ನುವ ಸುಖ ಈ ಹಿಡಿತದಿಂದಲೇ. ಒಣನೆಲದಲ್ಲಿ ಬಿದ್ದ ಬೀಜಕ್ಕೆ ಮಣ್ಣಿಗಂಟಿಕೊಂಡು ತೇವ ಹಿಡಿದಿಡುವ ಉಪಾಯ ಇದು. ನಮ್ಮ ಬಾಯಿರುಚಿ ಅದರ ಲೆಕ್ಕದಲ್ಲೇ ಇಲ್ಲ.

ಅಗಸೆಗೆ ಅಷ್ಟು ಬಿಗಿಯಿಲ್ಲ. ಅದರ ಲೋಳೆ ಬೀಜವನ್ನು ಬಿಟ್ಟು ನೀರಿಗೇ ಇಳಿಯುತ್ತದೆ, ಚಮಚ ಎತ್ತಿದರೆ ಎಳೆಎಳೆಯಾಗಿ ಇಳಿಬೀಳುತ್ತದೆ. ಅದನ್ನು ಶರಬತ್ತಿಗೆ ಹಾಕುವವರೊಂದಿಗೆ ನನಗೆ ಮಾತಿಲ್ಲ. ಅಗಸೆಗೆ ಚಟ್ನಿಪುಡಿಯೇ ಗತಿ, ಅದೇ ಸದ್ಗತಿ.

ಮೆಕ್ಸಿಕೊ ಕಡೆಯ ಚಿಯಾ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ನಮ್ಮ ಹೊಲಗಳಿಗೂ ಬಂದಿದೆ. ಕಾಮಕಸ್ತೂರಿಯೂ ಅದೂ ಒಂದೇ ತುಳಸಿ ಕುಟುಂಬದವು. ಅಂಗಡಿಯಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಕೈಗೆ ಬರುವುದುಂಟು. ಕಾಮಕಸ್ತೂರಿ ಪೂರಾ ಕಪ್ಪು. ಚಿಯಾದ ಮೈಮೇಲೆ ಬೂದು, ಕಂದು ಚಿತ್ತಾರ, ನಡುವೆ ಅಷ್ಟಿಷ್ಟು ಬಿಳಿ ಬೀಜ. ಆಗಲೂ ಅನುಮಾನವಿದ್ದರೆ ನೀರಿಗೆ ಹಾಕಿ. ಚಿಯಾ ಸಾವಧಾನದ ಪ್ರಾಣಿ, ಪೂರ್ತಿ ಉಬ್ಬಲು ಅರ್ಧ ಗಂಟೆಯಾದರೂ ಕೊಡಬೇಕು.

ಮೆಂತ್ಯದ್ದು ಬೇರೆಯೇ ನಡತೆ. ಅದರ ಅಂಟು ಸಿಪ್ಪೆಯ ಹೊರಗಿಲ್ಲ, ಒಳಗಿನ ಪದರದಲ್ಲಿದೆ. ನೀರು ಇಳಿದು ಅಲ್ಲಿಗೆ ಮುಟ್ಟಲು ಇಡೀ ರಾತ್ರಿಯೇ ಬೇಕು. ಪೊರೆಗಿರೆ ಏನೂ ಏಳದು, ಕಾಳೇ ದಪ್ಪಗಾಗುತ್ತದೆ. ರುಬ್ಬಿದಾಗ ಅದರ ನಿಜವಾದ ಲೋಳೆ ಹೊರಬಿದ್ದು ದೋಸೆಹಿಟ್ಟಿಗೆ ನುಣುಪು ಕೊಡುತ್ತದೆ.

ಮತ್ತೆ ಶರಬತ್ತಿಗೆ ಬಂದರೆ, ಐಸ್ ನೀರಿಗೆ ಒಣಬೀಜ ಹಾಕಬೇಡಿ, ಉಬ್ಬುವುದು ತಡ. ಸಾಧಾರಣ ನೀರಿಗೆ ಉದುರಿಸುತ್ತ ಕದಡುತ್ತಿರಿ. ಒಂದೇ ಸಲ ಸುರಿದರೆ ಹೊರಗಿನವು ಉಬ್ಬಿ ಗಂಟು ಕಟ್ಟಿ, ನಡುವಿನವು ಒಣಗಿಯೇ ಉಳಿಯುತ್ತವೆ. ಸಕ್ಕರೆ, ನಿಂಬೆ, ಐಸ್ ಎಲ್ಲ ಆಮೇಲೆ.