ಹಿಮಾಲಯದ ಪಳೆಯುಳಿಕೆಗಳು ಮತ್ತು ಸಂಶೋಧಕರ ಹೊಣೆ

ಅನ್ಯರ ಬರಹವನ್ನು ತನ್ನದೆಂದು ಮುದ್ರಿಸುವುದು ಕೃತಿಚೌರ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಶಾಸ್ತ್ರಕ್ಕೆ ಅಕ್ಷರದ ಕಳವಿಗಿಂತಲೂ ದೊಡ್ಡ ಅಪಚಾರ ಸಂಭವಿಸಬಹುದೆಂಬುದನ್ನು ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದ ವಿಶ್ವಜಿತ್ ಗುಪ್ತರ ಪ್ರಕರಣ ತೋರಿಸಿಕೊಟ್ಟಿತು.

ಗುಪ್ತರು ಹಿಮಾಲಯದ ಪಳೆಯುಳಿಕೆಗಳನ್ನು ಕುರಿತು ನೂರಾರು ಪ್ರಬಂಧಗಳನ್ನು ಪ್ರಕಟಿಸಿದ್ದರು. ಆಸ್ಟ್ರೇಲಿಯದ ಮೆಕ್ವಾರಿ ವಿಶ್ವವಿದ್ಯಾನಿಲಯದ ಜಾನ್ ಟ್ಯಾಲೆಂಟ್ ಅವರು 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇವುಗಳ ಬಗೆಗೆ ಗಂಭೀರವಾದ ಆಕ್ಷೇಪವೆತ್ತಿದರು. ಹಿಮಾಲಯದವೆಂದು ವರ್ಣಿತವಾದ ಕೊನೊಡಾಂಟ್‌ಗಳೆಂಬ ಹಲ್ಲಿನಾಕಾರದ ಅತಿಸೂಕ್ಷ್ಮ ಪಳೆಯುಳಿಕೆಗಳು ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಆಮ್ಸ್‌ಡೆಲ್ ಹಳ್ಳದವುಗಳನ್ನೂ, ಅಮೊನಾಯ್ಡ್ ಚಿಪ್ಪುಗಳು ಮೊರಾಕೊ ದೇಶದವುಗಳನ್ನೂ ಹೋಲುತ್ತಿದ್ದವು. ಶಿಲೆಯ ವಯಸ್ಸನ್ನು ನಿರ್ಣಯಿಸುವುದು ಅದರಲ್ಲಿ ದೊರೆತ ಪಳೆಯುಳಿಕೆಯಿಂದ. ದೊರೆತ ಸ್ಥಳವೇ ಸುಳ್ಳಾದರೆ ಅದನ್ನು ನಂಬಿ ಮುಂದಿನವರು ಕಟ್ಟಿದ ಸಿದ್ಧಾಂತವೆಲ್ಲ ಕುಸಿಯುತ್ತದೆ.

ಇಲ್ಲಿ ಸಹಲೇಖಕರ ಪಾತ್ರವೂ ವಿಚಾರಾರ್ಹವಾಗಿದೆ. ಗುಪ್ತರು ಕೊಟ್ಟ ಮಾದರಿಗಳನ್ನು ದೇಶವಿದೇಶಗಳ ತಜ್ಞರು ಗುರುತಿಸಿ, ಪ್ರಬಂಧಕ್ಕೆ ತಮ್ಮ ಹೆಸರನ್ನೂ ಸೇರಿಸಲು ಒಪ್ಪುತ್ತಿದ್ದರು. ಆ ಕಲ್ಲು ಯಾವ ಬೆಟ್ಟದ್ದೆಂಬುದನ್ನು ಹೋಗಿ ನೋಡಿದವರು ವಿರಳ. ಅವರಲ್ಲಿ ಅನೇಕರು ನಂಬಿ ಮೋಸಹೋದವರೇ ಸರಿ. ಆದರೂ ಕೀರ್ತಿಯಲ್ಲಿ ಪಾಲು ಪಡೆದವರು ಹೊಣೆಯಲ್ಲಿಯೂ ಪಾಲು ಹೊರಬೇಡವೆ?

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯ ನಿವಾರಣೆಗಾಗಿ ನಿಯಮಗಳನ್ನು ರೂಪಿಸಿತು. ಅದರಂತೆ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಶೇಕಡಾ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ನಿಯಮ ಬೇಕು, ಸಂದೇಹವಿಲ್ಲ. ಆದರೆ ಈ ಜರಡಿಯು ಅಳೆಯುವುದು ಮಾತುಗಳ ಸಾಮ್ಯವನ್ನು. ಮಾತನ್ನು ಬದಲಿಸಿ ವಿಚಾರವನ್ನು ಕದ್ದರೆ ಅದಕ್ಕೆ ತಿಳಿಯದು. ಮೊರಾಕೊದ ಚಿಪ್ಪಿಗೆ ಹಿಮಾಲಯದ ಚೀಟಿ ಅಂಟಿಸಿದರೂ ತಿಳಿಯದು. ಶೇಕಡಾ ಒಂಬತ್ತೆಂಬ ಪ್ರಮಾಣಪತ್ರವನ್ನೇ ಪ್ರಾಮಾಣಿಕತೆಯೆಂದು ಭಾವಿಸುವುದು ಆತ್ಮವಂಚನೆ.

ಗುಪ್ತರು ತಪ್ಪಿತಸ್ಥರೆಂದು ವಿಶ್ವವಿದ್ಯಾನಿಲಯದ ವಿಚಾರಣೆಯಲ್ಲಿಯೇ ಸ್ಥಿರಪಟ್ಟಿತು. ಆದರೂ ಅವರು ನಿವೃತ್ತಿಯವರೆಗೆ ನೌಕರಿಯಲ್ಲಿ ಮುಂದುವರಿದರು. ಎಳೆಯ ಸಂಶೋಧಕನಿಗೆ ನೋಂದಣಿ ರದ್ದು, ಪ್ರಾಧ್ಯಾಪಕರಿಗೆ ಪೀಠ ಭದ್ರ ಎಂದಾದರೆ ಶಿಷ್ಯರು ಕಲಿಯುವ ಪಾಠವಾದರೂ ಯಾವುದು? ಪ್ರಬಂಧಗಳ ಎಣಿಕೆಯಿಂದಲೇ ಬಡ್ತಿ ದೊರೆಯುವವರೆಗೆ ಇಂಥ ಪ್ರಲೋಭನೆಯೂ ನಿಲ್ಲದು.

ಶ್ರೀಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿದ ಅನೇಕರು ಇಂದು ಅಧ್ಯಾಪಕರಾಗಿ, ಸಂಶೋಧನ ಮಾರ್ಗದರ್ಶಕರಾಗಿ ಇದ್ದಾರೆ. ಪ್ರಬಂಧಕ್ಕೆ ಸಹಿ ಹಾಕುವ ಮುನ್ನ ಪ್ರಯೋಗದ ಮೂಲ ದಾಖಲೆಯನ್ನು ತರಿಸಿ ನೋಡುವುದು, ದುಡಿದವರ ಹೆಸರು ಬಿಟ್ಟುಹೋಗದಂತೆ ಎಚ್ಚರ ವಹಿಸುವುದು, ದುಡಿಯದೆಡೆ ತಮ್ಮ ಹೆಸರನ್ನು ಬೇಡವೆನ್ನುವುದು ಅವರ ಕರ್ತವ್ಯ. ಇದಕ್ಕೆ ಆಯೋಗದ ಆಜ್ಞೆಗಾಗಿ ಕಾಯಬೇಕಾಗಿಲ್ಲ.