ಹೈಮರ್ ಓದಿದ ಕ್ರೂಸೋ

ಅಂತಾರಾಷ್ಟ್ರೀಯ ವ್ಯವಹಾರ ಅಧ್ಯಯನದಲ್ಲಿ ಪಿಎಚ್.ಡಿ.ಗೆ ಸೇರಿದವರು ಕೋರ್ಸ್‌ವರ್ಕ್‌ನ ಆರಂಭದಲ್ಲೇ ಎದುರುಗೊಳ್ಳುವ ಹೆಸರು ಸ್ಟೀಫನ್ ಹೈಮರ್. ಮಾಂಟ್ರಿಯಲ್‌ನಲ್ಲಿ 1934ರಲ್ಲಿ ಹುಟ್ಟಿದ ಇವರು 1960ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರೆದ ಪಿಎಚ್.ಡಿ. ಪ್ರಬಂಧವೇ ಈ ಶಾಸ್ತ್ರದ ತಳಪಾಯ. ಅದು ಪುಸ್ತಕವಾಗಿ ಬಂದದ್ದು 1976ರಲ್ಲಿ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾದ ಮೇಲೆ. ಆದರೆ 1971ರಲ್ಲಿ ಇದೇ ಹೈಮರ್ ರಾಬಿನ್ಸನ್ ಕ್ರೂಸೋ ಕಾದಂಬರಿಯ ಬಗ್ಗೆ ಒಂದು ಲೇಖನ ಬರೆದಿದ್ದರು. ನಮ್ಮ ವಿಷಯದ ಓದಿನ ಪಟ್ಟಿಗಳಲ್ಲಿ ಅದು ಸಿಗುವುದು ಅಪರೂಪ. ಅದು ಬಿಟ್ಟುಹೋದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಮೊದಲು ಪ್ರಬಂಧದ ಮಾತು. ಬಂಡವಾಳ ಬಡ್ಡಿ ಕಡಿಮೆಯಿರುವ ದೇಶದಿಂದ ಹೆಚ್ಚಿರುವ ದೇಶಕ್ಕೆ ಹರಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಿದ್ದ ಕಾಲ ಅದು. ಹಾಗಿದ್ದರೆ ಅಮೆರಿಕದ ಕಂಪನಿಗಳು ಹೋದ ದೇಶದಲ್ಲೇ ಸಾಲ ಎತ್ತುವುದೇಕೆ ಎಂದು ಹೈಮರ್ ಕೇಳಿದರು. ಹೊರಗಿನಿಂದ ಬಂದ ಕಂಪನಿಗೆ ಅಲ್ಲಿನ ಭಾಷೆ, ಕಾನೂನು, ಗಿರಾಕಿಯ ಮನಸ್ಸು ಯಾವುದೂ ಸರಿಯಾಗಿ ಗೊತ್ತಿರುವುದಿಲ್ಲ. ಆದರೂ ಅದು ಹೋಗುತ್ತದೆ, ಗೆಲ್ಲುತ್ತದೆ. ಇದಕ್ಕೆ ಅವರು ಕೊಟ್ಟ ಮುಖ್ಯ ಕಾರಣಗಳು ಎರಡು. ಒಂದು, ತಂತ್ರಜ್ಞಾನ, ಬ್ರ್ಯಾಂಡ್‌ನಂಥ ವಿಶೇಷ ಬಲ ಅದರ ಕೈಯಲ್ಲಿರುತ್ತದೆ. ಇನ್ನೊಂದು, ಬೇರೆ ದೇಶದ ಕಂಪನಿಯನ್ನು ತನ್ನ ಹತೋಟಿಗೆ ತಂದುಕೊಂಡರೆ ಅದರೊಂದಿಗಿನ ಪೈಪೋಟಿಯೇ ಇಲ್ಲವಾಗುತ್ತದೆ.

ಮುಂದೆ ಬೆಳೆದದ್ದು ಹೆಚ್ಚಾಗಿ ಮೊದಲ ಕಾರಣ. ಜಾನ್ ಡನ್ನಿಂಗ್ ಅವರ ಪ್ರಸಿದ್ಧ ಚೌಕಟ್ಟಿನಲ್ಲಿ ಕಂಪನಿಯ ಸ್ವಂತ ಬಲಕ್ಕೇ ಮೊದಲ ಸ್ಥಾನ. ಸ್ವೀಡನ್‌ನ ಯೊಹಾನ್ಸನ್ ಮತ್ತು ವಾಲ್ನೆ 1977ರಲ್ಲಿ ಕೊಟ್ಟ ಉಪ್ಸಾಲಾ ಮಾದರಿಯಲ್ಲಿ ಕಂಪನಿ ಅಳುಕುತ್ತ, ಕಲಿಯುತ್ತ, ಒಂದೊಂದೇ ಹೆಜ್ಜೆಯಾಗಿ ಹೊರದೇಶಕ್ಕೆ ಕಾಲಿಡುತ್ತದೆ. ಹೊರಗಿನವರಾಗಿರುವುದಕ್ಕೆ ಕಂಪನಿ ತೆರಬೇಕಾದ ಬೆಲೆಯನ್ನು ಶ್ರೀಲತಾ ಝಹೀರ್ 1995ರ ಲೇಖನದಲ್ಲಿ ಲೆಕ್ಕಕ್ಕೆ ತಂದರು. ಅದನ್ನು ಕನ್ನಡದಲ್ಲಿ ‘ಪರದೇಶಿತನದ ಹೊರೆ’ ಎನ್ನಬಹುದು. ಹಾಗೆನ್ನುವಾಗ ನಮ್ಮ ಭಾಷೆ ಒಂದು ಕ್ಷಣ ತಡೆಯುತ್ತದೆ. ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಮಾತ್ರವಲ್ಲ, ಹಿಂದೆ ಮುಂದೆ ಯಾರೂ ಇಲ್ಲದವನು. ಈ ಶಾಸ್ತ್ರದಲ್ಲಿ ಆ ಕನಿಕರದ ಜಾಗದಲ್ಲಿ ಕೂತಿರುವುದು ಬಹುರಾಷ್ಟ್ರೀಯ ಕಂಪನಿ! ಅದು ಹೋಗಿ ನೆಲೆಸುವ ದೇಶಕ್ಕೆ ‘ಆತಿಥೇಯ’ ಎಂಬ ಹೆಸರು. ಕರೆದವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದು ಸಾಹಿತ್ಯದ ವಿದ್ಯಾರ್ಥಿ ಮೊದಲು ಕೇಳುವ ಪ್ರಶ್ನೆ. ಹೈಮರ್ 1971ರಲ್ಲಿ ಕೇಳಿದ್ದೂ ಅದನ್ನೇ. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಕ್ರೂಸೋ ಒಂಟಿ ದ್ವೀಪದಲ್ಲಿ ಸ್ವಂತ ದುಡಿಮೆಯಿಂದ ಬದುಕು ಕಟ್ಟಿಕೊಂಡ ಜಾಣ. ಹೈಮರ್ ಡೀಫೋನ 1719ರ ಕಾದಂಬರಿಯನ್ನೇ ತೆರೆದು ನೋಡಿದರು. ಅಲ್ಲಿರುವ ಕ್ರೂಸೋ ತನ್ನೊಂದಿಗೆ ಸೆರೆಯಿಂದ ತಪ್ಪಿಸಿಕೊಂಡ ಹುಡುಗ ಕ್ಸೂರಿಯನ್ನು ಹಡಗಿನ ಕಪ್ತಾನನಿಗೆ ಮಾರಿದವನು. ಬ್ರೆಜಿಲ್‌ನಲ್ಲಿ ತೋಟ ಮಾಡಿದವನು. ಹಡಗು ಒಡೆದದ್ದೇ ಆಫ್ರಿಕಾದಿಂದ ಗುಲಾಮರನ್ನು ತರಲು ಹೊರಟಾಗ. ದ್ವೀಪದಲ್ಲಿ ಸಿಕ್ಕವನಿಗೆ ಫ್ರೈಡೇ ಎಂದು ತಾನೇ ಹೆಸರಿಟ್ಟ; ತನ್ನನ್ನು ‘ಯಜಮಾನ’ ಎಂದು ಕರೆಯಲು ಕಲಿಸಿದ. ಕೊನೆಗೆ ಅವನನ್ನು ಸಿರಿವಂತನನ್ನಾಗಿ ಮಾಡಿದ್ದು ದ್ವೀಪದ ದುಡಿಮೆಯಲ್ಲ, ಅವನಿಲ್ಲದಾಗಲೂ ಲಾಭ ಕೊಡುತ್ತಿದ್ದ ಬ್ರೆಜಿಲ್‌ನ ತೋಟ. ಪಠ್ಯಪುಸ್ತಕದವರು ಬಲಪ್ರಯೋಗವನ್ನೆಲ್ಲ ಅಳಿಸಿ ವಿನಿಮಯವನ್ನಷ್ಟೇ ಉಳಿಸಿಕೊಂಡರು ಎಂಬುದು ಹೈಮರ್ ಅವರ ಆಕ್ಷೇಪ.

ಅವರ ಸ್ವಂತ ಪ್ರಬಂಧಕ್ಕೂ ನಮ್ಮ ಶಾಸ್ತ್ರ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಕಂಪನಿಯ ಬಲ ಉಳಿಯಿತು, ಪೈಪೋಟಿಯನ್ನು ಅಳಿಸುವ ಹತೋಟಿಯ ಮಾತು ಹಿಂದೆ ಸರಿಯಿತು.

ಹಾಗೆಂದು ನಂತರದ ಹೈಮರ್ ಅವರನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬಹುರಾಷ್ಟ್ರೀಯ ಕಂಪನಿಯ ಒಳಗಿನ ಮೇಲುಕೀಳು ಭೂಪಟದ ಮೇಲೂ ಮೂಡುತ್ತದೆ ಎಂದು ಅಸಮ ಬೆಳವಣಿಗೆಯ ಕುರಿತ ಲೇಖನದಲ್ಲಿ ಅವರು ವಾದಿಸಿದ್ದರು: ನಿರ್ಧಾರ ಕೆಲವೇ ಮಹಾನಗರಗಳಲ್ಲಿ, ದಿನದ ದುಡಿಮೆ ಉಳಿದೆಡೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ವಿನ್ಯಾಸ ಕೇಂದ್ರವನ್ನು ತಂದಾಗ ಈ ಚಿತ್ರ ಕದಡಿತು. ಚಿಪ್ ವಿನ್ಯಾಸವನ್ನು ಕೆಳಗಿನ ಮೆಟ್ಟಿಲಿನ ದುಡಿಮೆ ಎನ್ನಲಾಗದು. ತಿಳಿವಳಿಕೆಯ ಕೆಲಸ ಇಷ್ಟು ದೂರ ಬರಬಹುದೆಂಬುದಕ್ಕೆ ಅವರ ಭೂಪಟದಲ್ಲಿ ಜಾಗವಿಲ್ಲ. ಆದರೆ ಏನನ್ನು ತಯಾರಿಸಬೇಕು, ಯಾವ ಘಟಕವನ್ನು ಮುಚ್ಚಬೇಕು ಎಂಬ ಕೊನೆಯ ಮಾತು ಎಲ್ಲಿ ನಡೆಯುತ್ತದೆ? ಬೆಂಗಳೂರಿನಲ್ಲಿ ಕೂತು ಸಂಶೋಧನೆ ಮಾಡುವವರು ಕೇಳಲೇಬೇಕಾದ ಪ್ರಶ್ನೆ ಇದು. ಇದನ್ನು ಕೇಳಲು ಕಲಿಸುವವರು ಹೈಮರ್ ಅವರೇ.

ಈ ಕ್ಷೇತ್ರದಲ್ಲಿ ಸಿನಾಪ್ಸಿಸ್ ಮಂಡಿಸುವಾಗ ‘ವೇರಿಯಬಲ್ ಯಾವುದು, ಅಳೆಯುವುದು ಹೇಗೆ?’ ಎಂಬ ಪ್ರಶ್ನೆ ತಪ್ಪದೇ ಬರುತ್ತದೆ. ಅದು ಬೇಕಾದ ಪ್ರಶ್ನೆಯೇ. ಆದರೆ ಅಳತೆಗೆ ಸಿಗುವುದನ್ನಷ್ಟೇ ಕೇಳುವ ಅಭ್ಯಾಸವಾದರೆ, ಮೂರು ನಾಲ್ಕು ವರ್ಷ ಕಳೆದ ಮೇಲೆ ನಮ್ಮ ಪ್ರಬಂಧವೂ ಕ್ರೂಸೋನ ದಿನಚರಿಯಂತೆಯೇ ಆಗುತ್ತದೆ: ಲೆಕ್ಕ ಚೊಕ್ಕಟ, ಫ್ರೈಡೇ ಮಾತ್ರ ಮೂಕ. 1960ರ ಪ್ರಬಂಧವನ್ನು ಓದಿಸುವ ವಾರದಲ್ಲೇ 1971ರ ಲೇಖನವನ್ನೂ ಓದಿಸಲಿ. ಅದಕ್ಕೆ ಬೇಕಾಗುವುದು ಒಂದು ಸಂಜೆ.