ಸೂಜಿ ಹಾಕಿದ್ದು ಎಲ್ಲಿಗೆ?

ಒಂದು ಕಾಲಕ್ಕೆ ಅಮೃತ ಮಹಲ್ ದನಗಳ ಠಾಣೆಯಾಗಿದ್ದ ಊರು ಹುಣಸೂರು. ಕೆ.ಆರ್. ನಗರದ ಕಡೆಯವರು ಚುಂಚನಕಟ್ಟೆ ಜಾತ್ರೆಯಲ್ಲಿ ಹಲ್ಲು ನೋಡಿ ಎತ್ತಿನ ಪ್ರಾಯ ಹೇಳುತ್ತಾರೆ. ಕುದುರೆ ಎಂದರೆ ಮಾತ್ರ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಎಂಬ ನಮ್ಮ ನಾಲ್ಕೂ ತಾಲ್ಲೂಕು ತಡವರಿಸುತ್ತವೆ. ಮದುವೆ ಮೆರವಣಿಗೆಯ ತಟ್ಟುವಿಗೆ ಜ್ವರ ಬಂದರೆ ಹಸುವಿಗೆ ಕೊಡಿಸಿದಂತೆಯೇ ಪೆನಿಸಿಲಿನ್ ಕೊಡಿಸಿ, ‘ಎರಡು ಸೂಜಿ ಹಾಕಿಸ್ದೆ’ ಎನ್ನುವವರೇ ಹೆಚ್ಚು. ಎಲ್ಲಿಗೆ ಹಾಕಿದರು ಎಂದು ವಿಚಾರಿಸುವವನೇ ಕುದುರೆ ಬಲ್ಲವನು.

ಕಿಡ್ನಿಗಳು ಪೆನಿಸಿಲಿನ್ನನ್ನು ಬಹಳ ಬೇಗ ಹೊರಗಟ್ಟುತ್ತವೆ. ಸೋಡಿಯಂ ಪೆನಿಸಿಲಿನ್ನನ್ನು ನೇರ ರಕ್ತನಾಳಕ್ಕೆ ಕೊಟ್ಟರೆ 6 ಗಂಟೆಗೊಮ್ಮೆ ಕೊಡಬೇಕು. ಎಚ್.ಡಿ. ಕೋಟೆಯ ಕಾಡಂಚಿಗೆ ನಡುರಾತ್ರಿ ಯಾವ ಡಾಕ್ಟರು ಬಂದಾರು? ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದು ಬೆರೆತದ್ದಾದರೆ ಸ್ನಾಯುವಿನಲ್ಲಿ ಬಿಳಿ ಗಂಜಿಯಂತೆ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. 12 ಗಂಟೆಗೊಮ್ಮೆ ಸಾಕು. ಕೆ.ಜಿ.ಗೆ 22,000 ಯೂನಿಟ್‌ನಂತೆ 250 ಕೆ.ಜಿ. ತಟ್ಟುವಿಗೆ ಸಲಕ್ಕೆ 55 ಲಕ್ಷ. ಮನುಷ್ಯರ 4 ಲಕ್ಷದ ಸೀಸೆ ನೋಡಿದವರು ಈ ಲೆಕ್ಕ ಕೇಳಿ ಹೌಹಾರುತ್ತಾರೆ.

ಇನ್ನು ಜಾಗ. ಕುತ್ತಿಗೆಯ ಸ್ನಾಯುವಿಗೆ ಕೊಟ್ಟಾಗ ರಕ್ತದಲ್ಲಿ ಮದ್ದು ಏರುವಷ್ಟು ಪಿರ್ರೆಗೆ ಕೊಟ್ಟಾಗ ಏರುವುದಿಲ್ಲ, ಚರ್ಮದಡಿ ಕೊಟ್ಟರೂ ಇಲ್ಲ. ಪಿರ್ರೆಯಲ್ಲಿ ಕೀವು ಕಟ್ಟಿದರಂತೂ ಅದು ಇಳಿದುಹೋಗಲು ದಾರಿಯಿಲ್ಲ. ಸೂಜಿ ಚುಚ್ಚಿದ ಮೇಲೆ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡದ ಕೈಯನ್ನು ನಾನಂತೂ ನಂಬುವುದಿಲ್ಲ. ಪ್ರೊಕೇನ್ ರಕ್ತನಾಳಕ್ಕೆ ನುಗ್ಗಿದರೆ ಕುದುರೆ ಹುಚ್ಚೆದ್ದು ಗೋಡೆಗೆ ಗುದ್ದಿ ಬೀಳುತ್ತದೆ. ಅದನ್ನೇ ಜನ ಪೆನಿಸಿಲಿನ್ ಅಲರ್ಜಿ ಎಂದು ತಿಳಿಯುವುದುಂಟು.

ಜೆಂಟಾಮೈಸಿನ್ ಎಂಬ ಮದ್ದಿನದು ಇನ್ನೊಂದು ಜಾತಿ. ದೊಡ್ಡ ಕುದುರೆಗೆ ಕೆ.ಜಿ.ಗೆ 6.6 ಮಿ.ಗ್ರಾಂ., ದಿನಕ್ಕೊಮ್ಮೆ, ಒಂದೇ ಏಟಿಗೆ. ಅದು ರಕ್ತದಲ್ಲಿ ಎತ್ತರಕ್ಕೇರಿ ರೋಗಾಣುವನ್ನು ಕೊಲ್ಲಬೇಕು, ಆಮೇಲೆ ಇಳಿಯಲೇಬೇಕು. ಇಳಿಯದಿದ್ದರೆ ಕಿಡ್ನಿಗೇ ಪೆಟ್ಟು. ಏಪ್ರಿಲ್ ಬಿಸಿಲಲ್ಲಿ ಭೇದಿಯಾಗಿ ಬಳಲಿದ ಕುದುರೆಗೆ ಮೊದಲು ಡ್ರಿಪ್ ಹಾಕಿಸಿ, ಈ ಮದ್ದಿನ ಮಾತು ಆಮೇಲೆ.

ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿನವರಿಗೆ ಬೇರೆಯೇ ತಲೆನೋವು. ಪೆನಿಸಿಲಿನ್ ಕೆಲಸ ಮುಗಿಸಿ ಹೋದ ಮೇಲೂ ಪ್ರೊಕೇನ್ ಮೂತ್ರದಲ್ಲಿ ವಾರಗಟ್ಟಲೆ ಸಿಗಬಹುದು. ಅದು ಮರಗಟ್ಟಿಸುವ ಮದ್ದಾದ್ದರಿಂದ ಓಡುವ ಕುದುರೆಗೆ ನಿಷಿದ್ಧ. ಓಟ ಹತ್ತಿರವಿದ್ದರೆ ಸೆಫ್ಟಿಯೋಫರ್‌ನಂಥ, ಪ್ರೊಕೇನ್ ಇಲ್ಲದ ಮದ್ದೇ ಗತಿ. ಪಿರಿಯಾಪಟ್ಟಣದ ಮದುವೆ ಕುದುರೆಯ ಮೂತ್ರವನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ. ಅದಕ್ಕೆ ಹಳೆಯ ಪೆನಿಸಿಲಿನ್ನೇ ಆದೀತು, ಪೂರ್ತಿ ಪ್ರಮಾಣದಲ್ಲಿ, ಕುತ್ತಿಗೆಗೆ.